ಎರೆ ಹೊಲದಿಂದ ಬೆಂಕಿ ಬೆಟ್ಟಕ್ಕೆ

ಮೊದಲ ದಿನ: ಸುರಬಾಯಾ, ಕೆಸರಿನ ಕೆರೆ, ಬೆಟ್ಟದ ಚಳಿ

ನಮ್ಮದು ವಿಜಯಪುರ ಜಿಲ್ಲೆಯ ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿನ ಚಪ್ಪಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಈ ಕಪ್ಪು ಮಣ್ಣು ಲಾವಾದಿಂದ ಆದದ್ದು ಅಂತ ಶಾಲೆಯಲ್ಲಿ ಓದಿದ್ದೆ. ಒಮ್ಮೆ ಅಪ್ಪನಿಗೂ ಹೇಳಿದೆ. ‘ಹಂಗಾರ ಆ ಬೆಂಕಿ ಬೆಟ್ಟ ಎಲ್ಲೈತಿ, ತೋರಸು’ ಅಂದರು. ನಮ್ಮ ಕಡೆ ತೋರಿಸಲು ಅಂಥ ಬೆಟ್ಟ ಒಂದೂ ಇಲ್ಲ. ಆ ಮಾತು ವರ್ಷಗಟ್ಟಲೆ ನನ್ನೊಳಗೆ ಉಳಿದಿತ್ತು. ಈ ಆಗಸ್ಟ್‌ನಲ್ಲಿ, ಹಿಂಗಾರಿ ಬಿತ್ತನೆಗೆ ಇನ್ನೂ ಒಂದು ತಿಂಗಳಿದ್ದಾಗ, 68 ವರ್ಷದ ಅಪ್ಪನನ್ನು ಕರೆದುಕೊಂಡು ಇಂಡೋನೇಷ್ಯಾದ ಪೂರ್ವ ಜಾವಾಕ್ಕೆ ಹೊರಟೆ. ಆ ದೇಶದಲ್ಲಿ ಜೀವಂತ ಜ್ವಾಲಾಮುಖಿಗಳೇ 120ಕ್ಕಿಂತ ಜಾಸ್ತಿ ಇವೆ.

ಸುರಬಾಯಾದಲ್ಲಿ ವಿಮಾನ ಇಳಿದಾಗ ಬೆಳಗಿನ ಹತ್ತು ಗಂಟೆ. ಕಾರಿನ ಡ್ರೈವರ್ ಅಪ್ಪನನ್ನು ನೋಡಿ ‘ಬಾಪಾಕ್’ ಅಂತ ಬಾಗಿ ಕೈ ಕೊಟ್ಟರು. ಅಲ್ಲಿ ಹಿರಿಯರಿಗೆ ಹೇಳುವ ಮಾತು ಅದು, ತಂದೆ ಅಂತಲೂ ಅರ್ಥ. ಬಿಳಿ ಟೋಪಿ, ಧೋತರ ಉಟ್ಟ ಅಪ್ಪ ಅವತ್ತಿನಿಂದ ದಾರಿಯುದ್ದಕ್ಕೂ ಎಲ್ಲರ ಬಾಪಾಕ್ ಆದರು.

ಬ್ರೊಮೊ ಜ್ವಾಲಾಮುಖಿಯ ಕಡೆಗೆ ಹೋಗುವ ದಾರಿಯಲ್ಲಿ ಸಿಡೊಆರ್ಜೊ ಹತ್ತಿರ ಕಾರು ನಿಲ್ಲಿಸಿದೆವು. ಎತ್ತರದ ಮಣ್ಣಿನ ಒಡ್ಡು. ಮೇಲೆ ಹತ್ತಿ ನೋಡಿದರೆ ಕಣ್ಣು ಮುಟ್ಟುವ ತನಕ ಬೂದು ಬಣ್ಣದ ಕೆಸರು, ದೂರದಲ್ಲಿ ಬಿಳಿ ಹಬೆ. 2006ರ ಮೇ 29ರಂದು ಇಲ್ಲಿ ನೆಲದಿಂದ ಬಿಸಿ ಕೆಸರು ಉಕ್ಕಲು ಶುರುವಾಯಿತು. ಇನ್ನೂ ನಿಂತಿಲ್ಲ. ಇಡೀ ಊರುಗಳು ಒಳಗಿವೆ. ಗ್ಯಾಸಿಗಾಗಿ ಹತ್ತಿರದಲ್ಲೇ ಬಾವಿ ಕೊರೆಯುತ್ತಿದ್ದದ್ದೇ ಕಾರಣ ಅಂತ ಕೆಲವರು, ಎರಡು ದಿನ ಮೊದಲು ಯೋಗ್ಯಕರ್ತಾದಲ್ಲಿ ಆದ ಭೂಕಂಪ ಕಾರಣ ಅಂತ ಇನ್ನು ಕೆಲವರು ಹೇಳುತ್ತಾರೆ. ಇದನ್ನು ಮಣ್ಣಿನ ಜ್ವಾಲಾಮುಖಿ ಅಂತ ಕರೆಯುತ್ತಾರೆ. ಬೆಂಕಿ ಬೆಟ್ಟದ ಹಾಗೆ ಕರಗಿದ ಕಲ್ಲು ಬರುವುದಿಲ್ಲ, ನೆಲದೊಳಗಿನ ಒತ್ತಡಕ್ಕೆ ನೀರು, ಕೆಸರು, ಗ್ಯಾಸು ಮೇಲೆ ಬರುತ್ತವೆ. ಒಡ್ಡಿನ ಮೇಲೆ ಬೈಕಿನಲ್ಲಿ ಸುತ್ತು ಹೊಡೆಸುವ ಒಬ್ಬರು ಕೆಸರಿನ ನಡುವೆ ಬೆರಳು ತೋರಿಸಿ, ತಮ್ಮ ಮನೆ ಅಲ್ಲಿತ್ತು ಅಂದರು. ಡ್ರೈವರ್ ಅದನ್ನು ಹರಕು ಇಂಗ್ಲಿಷಿನಲ್ಲಿ ನನಗೆ ಹೇಳಿದರು, ನಾನು ಅಪ್ಪನಿಗೆ ಹೇಳಿದೆ. ಅಪ್ಪ ಟೋಪಿ ತೆಗೆದು ಸ್ವಲ್ಪ ಹೊತ್ತು ಸುಮ್ನೆ ನಿಂತರು.

ಮಧ್ಯಾಹ್ನ ಊಟಕ್ಕೆ ಪೆಚೆಲ್. ಅನ್ನ, ಬೇಯಿಸಿದ ಸೊಪ್ಪು, ಕಾಳಿನ ಮೊಳಕೆ, ಅದರ ಮೇಲೆ ಗಟ್ಟಿ ಶೇಂಗಾ ಸಾರು. ಒಂದು ತುತ್ತು ಬಾಯಿಗಿಟ್ಟು ಅಪ್ಪ, ‘ಇದು ನಮ್ಮ ಶೇಂಗಾ ಚಟ್ನಿ ನೀರ ಹಾಕಿ ಕಲಿಸಿದಂಗೈತಿ’ ಅಂದರು. ಶಾಕಾಹಾರಿಗಳು ಒಂದು ಮಾತು ಕಲಿತು ಹೋಗಬೇಕು: ‘ತಾನ್ಪಾ ತೆರಾಸಿ’. ತೆರಾಸಿ ಅಂದರೆ ಸಿಗಡಿಯ ಮುದ್ದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅಲ್ಲಿಯ ಖಾರದಲ್ಲಿ ಬಹಳ ಕಡೆ ಇರುತ್ತದೆ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯ ಗಂಟು ಹೇಗೂ ಜೊತೆಗಿತ್ತು.

ಸಂಜೆ ಬ್ರೊಮೊ ಹತ್ತಿರದ ಊರು ಚೆಮೊರೊ ಲಾವಾಂಗ್ ಮುಟ್ಟುವಾಗ ದಾರಿ ಮಂಜಿನಲ್ಲಿ ಮುಚ್ಚಿತ್ತು. ಕೈ ಮರಗಟ್ಟುವ ಚಳಿ. ಬಿಸಿ ದೇಶ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಕೆಲವು ಬೆಳಗು ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಬಿದ್ದಿರುತ್ತದೆ.

ರಾತ್ರಿ ಎರಡು ದುಪ್ಪಟಿ ಹೊದ್ದು ಕುಳಿತಾಗ ಅಪ್ಪ ಕೇಳಿದರು, ‘ಬೆಂಕಿ ಒಳಗ ಯಾಕ ಆಗತೈತಿ?’ ಭೂಮಿಯ ಮೇಲಿನ ಚಿಪ್ಪು ಒಂದೇ ತುಂಡಲ್ಲ, ಒಡೆದ ಗಡಿಗೆಯ ಹಾಗೆ ದೊಡ್ಡ ದೊಡ್ಡ ಫಲಕಗಳು ಅಂದೆ. ಜಾವಾದ ದಕ್ಷಿಣಕ್ಕೆ ಸಮುದ್ರದ ತಳ ವರ್ಷಕ್ಕೆ ಆರೇಳು ಸೆಂಟಿಮೀಟರ್‌ನಂತೆ ಈ ದ್ವೀಪದ ಕೆಳಗೆ ನುಗ್ಗುತ್ತದೆ. ನುಗ್ಗುವ ಕಲ್ಲಿನ ಜೊತೆ ನೀರಿನ ಅಂಶವೂ ಇಳಿಯುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ ಆ ನೀರು ಬಿಟ್ಟುಕೊಂಡು ಮೇಲಿನ ಬಿಸಿ ಕಲ್ಲಿಗೆ ಸೇರುತ್ತದೆ. ಹೊಸದಾಗಿ ಬಿಸಿ ಹೆಚ್ಚಿತು ಅಂತ ಅಲ್ಲ, ನೀರು ಸೇರಿತು ಅಂತ ಆ ಕಲ್ಲು ಕರಗುತ್ತದೆ. ಬೆಲ್ಲದ ಹೆಂಟೆಯನ್ನು ಒಣ ಬಾಣಲೆಗೆ ಹಾಕಿದರೆ ಬೇಗ ಕರಗುವುದಿಲ್ಲ, ಒಂದು ಸೌಟು ನೀರು ಬಿದ್ದರೆ ಕರಗುತ್ತದೆ ಅಲ್ವಾ, ಹಾಗೆ. ಕರಗಿದ್ದು ಸುತ್ತಲಿನ ಕಲ್ಲಿಗಿಂತ ಹಗುರ, ಅದಕ್ಕೇ ಮೇಲೇರುತ್ತದೆ. ಅಪ್ಪ ಬೆಲ್ಲದ ಮಾತಿಗೆ ತಲೆಯಾಡಿಸಿದರು.

ಎರಡನೇ ದಿನ: ಬ್ರೊಮೊ

ಬೆಳಗಿನ ಮೂರಕ್ಕೆ ಹಳೆಯ ಜೀಪು ಬಂತು. 2,770 ಮೀಟರ್ ಎತ್ತರದ ಪೆನಂಜಾಕನ್ ಮೇಲೆ ಕತ್ತಲಲ್ಲಿ ನೂರಾರು ಜನ. ಬೆಳಕು ಹರಿದಂತೆ ಕೆಳಗೆ ಮೊದಲು ಬರೀ ಮೋಡ ಕಂಡಿತು, ಆಮೇಲೆ ಮೋಡದಿಂದ ಒಂದೊಂದೇ ಬೆಟ್ಟ ಎದ್ದವು. ಮುಂದೆ ಬಾತೊಕ್, ಮಡಿಕೆ ಹಾಕಿದ ಸೀರೆಯ ನೆರಿಗೆಯ ಹಾಗೆ. ಅದರ ಪಕ್ಕ ಬಾಯಿ ತೆರೆದು ಬಿಳಿ ಹೊಗೆ ಬಿಡುವ ಬ್ರೊಮೊ. ಎಲ್ಲಕ್ಕೂ ಹಿಂದೆ, ಎಲ್ಲಕ್ಕೂ ಎತ್ತರಕ್ಕೆ, 3,676 ಮೀಟರಿನ ಸೆಮೆರು. ನಾವು ನಿಂತಿದ್ದಾಗಲೇ ಅದರ ತುದಿಯಿಂದ ಎರಡು ಸಲ ಬೂದಿಯ ಗುಡ್ಡೆ ಎದ್ದು ನಿಧಾನಕ್ಕೆ ಗಾಳಿಯಲ್ಲಿ ಹರಡಿತು.

ಒಂದೇ ನೋಟದಲ್ಲಿ ಮೂರು ಬಗೆಯ ಜ್ವಾಲಾಮುಖಿ ಸಿಗುವ ಜಾಗ ಇದು. ಸೆಮೆರು ಒಂದು ಪದರದ ಬೆಟ್ಟ. ಒಮ್ಮೆ ಲಾವಾ, ಒಮ್ಮೆ ಬೂದಿ, ಮತ್ತೆ ಲಾವಾ, ಹೀಗೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಕಡಿದಾಗಿ ಬೆಳೆಯುತ್ತದೆ. ಬಾತೊಕ್ ಸಣ್ಣದು, ಬಾಯಿಂದ ಹಾರಿದ ಚೂರುಕಲ್ಲು, ಬೂದಿ ಸುತ್ತಲೂ ಬಿದ್ದು ರಾಶಿಯಾದದ್ದು. ಕಣದಲ್ಲಿ ಜೋಳ ತೂರುವಾಗ ರಾಶಿ ಬೀಳುತ್ತದಲ್ಲ, ಅದೇ ಆಕಾರ. ಮೂರನೆಯದು ತಟ್ಟನೆ ಕಣ್ಣಿಗೆ ಬೀಳುವುದಿಲ್ಲ, ಯಾಕಂದರೆ ನಾವು ನಿಂತದ್ದೇ ಅದರ ಅಂಚಿನ ಮೇಲೆ. ಹಿಂದೆ ಇಲ್ಲಿ ಬಹಳ ದೊಡ್ಡ ಬೆಟ್ಟವಿತ್ತು. ಒಳಗಿನ ಶಿಲಾರಸ ಒಮ್ಮೆಲೇ ಹೊರಬಿದ್ದು ಹೊಟ್ಟೆ ಬರಿದಾದಾಗ ಮೇಲಿನ ನೆಲ ಕುಸಿಯಿತು. ಹಾಗೆ ಆದ ದೊಡ್ಡ ಬೋಗುಣಿಗೆ ಕ್ಯಾಲ್ಡೆರಾ ಅನ್ನುತ್ತಾರೆ. ಬಾತೊಕ್, ಬ್ರೊಮೊ ಎಲ್ಲ ಅದರೊಳಗೆ ಆಮೇಲೆ ಹುಟ್ಟಿದ ಮರಿಗಳು.

ಜೀಪು ಇಳಿದು ಬೋಗುಣಿಯ ತಳಕ್ಕೆ ಬಂತು. ಅಲ್ಲಿಯವರು ಇದನ್ನು ಮರಳಿನ ಸಮುದ್ರ ಅನ್ನುತ್ತಾರೆ. ಕಪ್ಪು ಬೂದಿಯ ಬಯಲು, ಗಾಳಿ ಎದ್ದರೆ ಎದುರಿನ ಮನುಷ್ಯ ಕಾಣುವುದಿಲ್ಲ. ಮುಖಕ್ಕೆ ಬಟ್ಟೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಇಂಥ ಒಂದು ಗಾಳಿಗೆ ಅಪ್ಪನ ಟೋಪಿ ಹಾರಿತು. ಉರುಳುತ್ತಾ ಉರುಳುತ್ತಾ ಬಯಲಲ್ಲಿ ಹೋಗೇ ಬಿಟ್ಟಿತು. ಕುದುರೆ ಬಾಡಿಗೆಗೆ ಕೊಡುವ ಹುಡುಗನೊಬ್ಬ ಅದರ ಬೆನ್ನಿಗೆ ಕುದುರೆ ಓಡಿಸಿ, ಬಗ್ಗಿ ಎತ್ತಿಕೊಂಡು ಬಂದ. ದುಡ್ಡು ಕೊಡಲು ಹೋದರೆ ಬೇಡ ಅಂದ. ಅಪ್ಪ ಗಂಟು ಬಿಚ್ಚಿ ಒಂದು ಕಟಕ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಇಟ್ಟು ಕೊಟ್ಟರು. ಕಟುಂ ಅಂತ ಕಡಿದು ನಕ್ಕ, ಅರ್ಧ ಮುರಿದು ಕಿಸೆಗೆ ಇಟ್ಟುಕೊಂಡ.

ಬೆಟ್ಟದ ಬುಡದಲ್ಲಿ ಪುರ ಲುಹುರ್ ಪೊತೆನ್ ಎಂಬ ದೇವಸ್ಥಾನ. ಇಲ್ಲಿಯ ತೆಂಗರ್ ಜನ ಹಿಂದೂಗಳು. ಬ್ರೊಮೊ ಅನ್ನುವ ಹೆಸರು ಬ್ರಹ್ಮನಿಂದ ಬಂದದ್ದು. ವರ್ಷಕ್ಕೊಮ್ಮೆ ಯಾಜ್ಞ ಕಸಾಡ ಹಬ್ಬದಲ್ಲಿ ತಾವು ಬೆಳೆದ ತರಕಾರಿ, ಹಣ್ಣು, ಕೋಳಿ, ಆಡು ಎಲ್ಲ ಹೊತ್ತು ತಂದು ಬೆಟ್ಟದ ಬಾಯಿಗೆ ಅರ್ಪಿಸುತ್ತಾರೆ. ಮಕ್ಕಳಿಲ್ಲದ ರಾಜದಂಪತಿ ರೊರೊ ಆಂತೆಂಗ್, ಜೊಕೊ ಸೆಗೆರ್ ಈ ಬೆಟ್ಟಕ್ಕೆ ಹರಕೆ ಹೊತ್ತರಂತೆ. 25 ಮಕ್ಕಳಾದವು, ಕೊನೆಯವನು ಬೆಟ್ಟದ ಪಾಲಾದ. ಅವರಿಬ್ಬರ ಹೆಸರಿನ ಕೊನೆಯಕ್ಷರ ಸೇರಿಯೇ ತೆಂಗರ್ ಆದದ್ದು ಅಂತ ಕಥೆ. ನಮ್ಮ ಕಡೆ ಕೆರೆಗೆ ಹಾರವಾದ ಸೊಸೆಯ ಕಥೆ ಇದೆಯಲ್ಲ, ಅಪ್ಪನಿಗೆ ಅದೇ ನೆನಪಾಯಿತು.

ಇನ್ನೂರೈವತ್ತರ ಹತ್ತಿರ ಮೆಟ್ಟಿಲು ಹತ್ತಿದರೆ ಬಾಯಿಯ ಅಂಚು. ನಿಲ್ಲಲು ಸಣ್ಣ ಜಾಗ. ಒಳಗಿನಿಂದ ಒಂದೇ ಸಮನೆ ಭೋರ್ ಅನ್ನುವ ಸದ್ದು, ದೊಡ್ಡ ಜಲಪಾತ ಕಾಣದ ಕಡೆ ಬೀಳುತ್ತಿರುವ ಹಾಗೆ. ಗಂಧಕದ ಘಾಟು ಗಂಟಲಿಗೆ ಹಿಡಿಯುತ್ತದೆ. ಅಪ್ಪ ಕೈಮುಗಿದರು. ಬಹಳ ಹೊತ್ತು ಮಾತಾಡಲಿಲ್ಲ.

ನನಗೆ ಅವತ್ತಿನ ದೊಡ್ಡ ನೋಟ ಅಂದರೆ ಮಧ್ಯಾಹ್ನದ್ದು. ಊರಿನ ಕೆಳಗಿನ ಇಳಿಜಾರಿನಲ್ಲಿ ಈರುಳ್ಳಿ ಸೊಪ್ಪು, ಕೋಸು, ಆಲೂಗಡ್ಡೆಯ ಹೊಲಗಳು. ‘ಇದು ಹೊಲ ಅಲ್ಲೋ ತಮ್ಮಾ, ಗ್ವಾಡಿ’ ಅಂದರು ಅಪ್ಪ. ನಿಜ, ನಿಂತು ಕಳೆ ತೆಗೆಯುವ ಹೆಂಗಸಿನ ಕೈಗೆ ಎದುರಿನ ಸಾಲು ಬಗ್ಗದೆಯೇ ಸಿಗುತ್ತಿತ್ತು. ಅವರು ಹೆಗಲಿಗೆ ಲುಂಗಿಯಂಥ ಬಟ್ಟೆ ಸುತ್ತಿಕೊಂಡಿದ್ದರು. ಅಪ್ಪ ನೇರ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಸುಕಿದರು. ಪುಡಿಪುಡಿ, ಹಗುರ, ಕೈಗೆ ಅಂಟಲಿಲ್ಲ. ಬೂದಿ ಬಿದ್ದರೆ ಏನು ಮಾಡುತ್ತೀರಿ ಅಂತ ಡ್ರೈವರ್ ಕಡೆಯಿಂದ ಕೇಳಿಸಿದೆವು. 2010ರ ಕೊನೆಗೆ ಬ್ರೊಮೊ ತಿಂಗಳುಗಟ್ಟಲೆ ಬೂದಿ ಉಗುಳಿತು, ಬೆಳೆಯೆಲ್ಲ ಸುಟ್ಟು ಹೋಯಿತು, ಸಾಲ ಆಯಿತು ಅಂದರು ಆಕೆ. ಆಮೇಲೆ ಕಾಲಿನಿಂದ ಮಣ್ಣು ಕೆದಕಿ, ಆದರೆ ಇದೂ ಅಲ್ಲಿಂದಲೇ ಬಂದದ್ದಲ್ವಾ ಅಂದರು. ಬೂದಿಯಲ್ಲಿ ಪೊಟ್ಯಾಶ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಮಳೆಗೆ ನೆನೆದು ನೆನೆದು ಅವು ಬೇರಿಗೆ ಸಿಗುತ್ತವೆ. ಹೊಲ ನೋಡದೆ ಬರೀ ಸೂರ್ಯೋದಯ ನೋಡಿ ವಾಪಸ್ಸಾಗುವವರು ಅರ್ಧ ಬ್ರೊಮೊ ಬಿಟ್ಟು ಬರುತ್ತಾರೆ ಅಂತ ನನ್ನ ಅನಿಸಿಕೆ.

ಹಾಗಂತ ಈ ಬೆಟ್ಟಗಳನ್ನು ಹಗುರಾಗಿ ನೋಡುವ ಹಾಗಿಲ್ಲ. 2021ರ ಡಿಸೆಂಬರ್ 4ರಂದು ಸೆಮೆರುವಿನಿಂದ ಬಿಸಿ ಬೂದಿ, ಗ್ಯಾಸು ಇಳಿಜಾರಿನಲ್ಲಿ ನುಗ್ಗಿ 50ಕ್ಕೂ ಹೆಚ್ಚು ಜನ ಸತ್ತರು. ಸ್ಥಳೀಯರು ಇಲ್ಲಿಗೆ ಹೋಗಬೇಡಿ ಅಂದರೆ ಎದುರು ಮಾತಾಡದೆ ಕೇಳಬೇಕು.

ಮೂರನೇ ದಿನ

ಇಡೀ ದಿನ ಕಾರು. ಬೊಂಡೊವೊಸೊ ದಾಟಿದ ಮೇಲೆ ದಾರಿ ಕಾಫಿ ತೋಟದ ನಡುವೆ ಏರುತ್ತದೆ. ಕೊಡಗಿನ ದಾರಿಯ ಹಾಗೆ ತಂಪು. ಒಂದು ಕಡೆ ಟೈರು ಪಂಕ್ಚರ್ ಆಗಿ ಮುಕ್ಕಾಲು ಗಂಟೆ ನಿಂತೆವು. ಎದುರಿನ ಮನೆಯವರು ಕೇಳದೆಯೇ ಕಾಫಿ ತಂದುಕೊಟ್ಟರು. ಪುಡಿ ತಳಕ್ಕೆ ಕೂರುವ ತನಕ ಕಾಯಬೇಕು, ಅವಸರ ಮಾಡಿದರೆ ಬಾಯಿ ತುಂಬ ಚರಟ. ಬೇಗ ಮಲಗಿದೆವು.

ನಾಲ್ಕನೇ ದಿನ: ಇಜೆನ್‌ನ ಗಂಧಕ, ಹಡಗಿನ ಮೇಲೆ ಝುಣಕದ ಮಾತು

ರಾತ್ರಿ ಎರಡಕ್ಕೆ ಪಾಲ್ತುಡಿಂಗ್, ಇಜೆನ್ ಜ್ವಾಲಾಮುಖಿ ಹತ್ತಲು ಶುರುಮಾಡುವ ಜಾಗ. ಇಲ್ಲಿಂದ ಬಾಯಿಯ ಅಂಚಿಗೆ ಮೂರು ಕಿಲೋಮೀಟರ್ ಏರು. ನಡೆಯಲಾಗದವರಿಗೆ ಗಾಲಿ ಗಾಡಿ ಇದೆ, ಇಬ್ಬರು ಮೂವರು ಸೇರಿ ಎಳೆಯುತ್ತಾರೆ. ಅಪ್ಪನ ಮೊಣಕಾಲು ಬ್ರೊಮೊದಲ್ಲೇ ನೋವು ಹಿಡಿದಿತ್ತು. ಗಾಡಿ ಮಾಡೋಣ ಅಂದೆ. ‘ಮನಶ್ಯಾನ ಕಡಿಂದ ಎಳಿಸಿಕೊಂಡು ನಾ ಬೆಟ್ಟ ನೋಡೂದು ಬ್ಯಾಡ. ನೀ ಹೋಗಿ ಬಾ’ ಅಂದರು. ಗಾಡಿ ಎಳೆಯುವವರಿಗೆ ಅದೇ ಹೊಟ್ಟೆಪಾಡು, ಗಂಧಕ ಹೊರುವುದಕ್ಕಿಂತ ಎಷ್ಟೋ ಮೇಲು ಅಂತ ನನಗೂ ಗೊತ್ತಿತ್ತು. ಆದರೆ ಅಪ್ಪನ ಮಾತು ಮೀರಲು ಮನಸ್ಸಾಗಲಿಲ್ಲ. ಅವರನ್ನು ಚಹಾ ಅಂಗಡಿಯ ಒಲೆ ಹತ್ತಿರ ಕೂರಿಸಿ ನಾನು ಹತ್ತಿದೆ.

ನೀಲಿ ಬೆಂಕಿ ನೋಡುವ ಆಸೆ ಇತ್ತು. ಬಿರುಕುಗಳಿಂದ ಬರುವ ಗಂಧಕದ ಅನಿಲ ಗಾಳಿ ತಾಕಿದ ಕೂಡಲೇ ಹತ್ತಿಕೊಂಡು ನೀಲಿಯಾಗಿ ಉರಿಯುತ್ತದೆ. ಅದು ಲಾವಾ ಅಲ್ಲ. ಅವತ್ತು ಗ್ಯಾಸು ಜಾಸ್ತಿ ಇತ್ತು, ಕೆಳಗೆ ಬಿಡಲಿಲ್ಲ. ಅಂಚಿನಿಂದಲೇ, ಹೊಗೆ ಸರಿದಾಗ, ಒಂದು ನೀಲಿ ಮಿಣುಕು ಕಂಡಿತು, ದೂರದ ಊರಲ್ಲಿ ಯಾರೋ ಗ್ಯಾಸ್ ಒಲೆ ಹಚ್ಚಿದ ಹಾಗೆ. ಬೆಳಕಾದ ಮೇಲೆ ಕೆರೆ ಕಂಡಿತು. ಹಾಲು ಬೆರೆಸಿದಂಥ ಹಸಿರು ನೀಲಿ, ಸುಮಾರು ಒಂದು ಕಿಲೋಮೀಟರ್ ಅಗಲ. ನೋಡಲು ಶಾಂತ. ಆದರೆ ಅದು ನೀರಲ್ಲ, ಕಡು ಆಮ್ಲ. ಇಷ್ಟು ದೊಡ್ಡ ಆಮ್ಲದ ಜ್ವಾಲಾಮುಖಿ ಕೆರೆ ಜಗತ್ತಿನಲ್ಲೇ ಇನ್ನೊಂದಿಲ್ಲ. ಕೆಳಗಿನಿಂದ ಏರುವ ಗ್ಯಾಸುಗಳು ನೀರಿಗೆ ಸೇರಿ ಸೇರಿ ಹೀಗಾಗಿದೆ.

ಗಂಧಕ ಹೊರುವವರು ಕೆಳಗಿನಿಂದ ಬರುತ್ತಿದ್ದರು. ಬಿದಿರಿನ ಎರಡು ಬುಟ್ಟಿ, ನಡುವೆ ಅಡ್ಡೆ. 70ರಿಂದ 90 ಕಿಲೋ. ಅನಿಲವನ್ನು ಕೊಳವೆಯಲ್ಲಿ ಹಾಯಿಸಿದಾಗ ಅದು ತಣಿದು ಕೆಂಪಗೆ ತೊಟ್ಟಿಕ್ಕುತ್ತದೆ, ಗಟ್ಟಿಯಾದಾಗ ಹಳದಿ. ಅದನ್ನು ಒಡೆದು ತುಂಬುತ್ತಾರೆ. ಉಸಿರು ಬಿಡಲು ನಿಂತ ಒಬ್ಬರ ಅಡ್ಡೆಗೆ ಅವರನ್ನು ಕೇಳಿ ಹೆಗಲು ಕೊಟ್ಟೆ. ನೆಲ ಬಿಟ್ಟು ಏಳಲಿಲ್ಲ. ಅವರ ಹೆಗಲಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಕಟ್ಟಿತ್ತು.

ಇಳಿದು ಬಂದರೆ ಅಪ್ಪನ ಸುತ್ತ ನಾಲ್ಕು ಜನ. ಭಾಷೆ ಬರದಿದ್ದರೂ ಅವರು ಆಗಲೇ ಒಂದು ಗಂಧಕದ ತುಂಡು ಕೈಯಲ್ಲಿ ಹಿಡಿದಿದ್ದರು. ‘ತಮ್ಮಾ, ಇದು ನಾವು ದ್ರಾಕ್ಷಿಗೆ ಬೂದಿ ರೋಗಕ್ಕ ಹೊಡಿತೀವಲ್ಲ, ಅದ. ಸಕ್ಕರಿ ಬೆಳ್ಳಗ ಮಾಡಾಕೂ ಇದನ್ನ ಸುಡ್ತಾರ.’ ಇಲ್ಲಿಯ ಗಂಧಕವೂ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ ಅಂತ ಅಂಗಡಿಯವರು ಹೇಳಿದಾಗ ಅಪ್ಪನಿಗೆ ಆದ ಖುಷಿ ನೋಡಬೇಕಿತ್ತು. ಮಾಸ್ಕ್ ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಿ. ಬರೀ ಕರವಸ್ತ್ರ ನಂಬಬೇಡಿ, ನನ್ನ ಕೆಮ್ಮು ಎರಡು ದಿನ ಇತ್ತು.

ಮಧ್ಯಾಹ್ನ ಕೆತಾಪಾಂಗ್‌ನಿಂದ ಬಾಲಿಗೆ ಹಡಗು. ಒಂದು ಗಂಟೆಯೂ ಹಿಡಿಯುವುದಿಲ್ಲ, ಗಡಿಯಾರ ಮಾತ್ರ ಒಂದು ಗಂಟೆ ಮುಂದೆ ಹೋಗುತ್ತದೆ. ಹಿಂದಕ್ಕೆ ನೋಡಿದರೆ ಜಾವಾದ ಬೆಟ್ಟಗಳು ಸಾಲಾಗಿ. ‘ಎಲ್ಲಾ ಬೆಟ್ಟಾನೂ ಹಿಂಗ ಚೂಪ ಇರತಾವೇನು?’ ಅಂದರು ಅಪ್ಪ.

ಇಲ್ಲ. ಕರಗಿದ ಕಲ್ಲು ಎಷ್ಟು ಮಂದ, ಎಷ್ಟು ತೆಳು ಅನ್ನುವುದರ ಮೇಲೆ ಬೆಟ್ಟದ ಆಕಾರ ಇದೆ. ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಜಾಸ್ತಿ ಇದ್ದರೆ ಮಂದ. ಅವ್ವ ಝುಣಕ ಕುದಿಸುವಾಗ ಗುಳ್ಳೆ ಒಳಗೇ ಸಿಕ್ಕಿಕೊಂಡು ಆಮೇಲೆ ಪುಟಕ್ ಅಂತ ಸಿಡಿದು ಕೈಮೇಲೆ ಬೀಳುತ್ತದಲ್ಲ, ಜಾವಾದ ಬೆಟ್ಟಗಳು ಹಾಗೆ. ಗ್ಯಾಸು ಹೊರಗೆ ಹೋಗಲಾಗದೆ ಸಿಡಿಯುತ್ತದೆ. ಸಿಲಿಕಾ ಕಡಿಮೆ ಇದ್ದರೆ ತೆಳು, ಅಂಬಲಿಯ ಹಾಗೆ. ಕುದಿದರೂ ಸಿಡಿಯುವುದು ಕಡಿಮೆ, ಚೆಲ್ಲಿದರೆ ದೂರ ಹರಿಯುತ್ತದೆ. ಹವಾಯಿಯ ಮೌನಾ ಲೋವಾ ಹಾಗೆ ಆದದ್ದು. ಸಮುದ್ರ ಮಟ್ಟದಿಂದ 4,169 ಮೀಟರ್ ಎತ್ತರವಿದ್ದರೂ ಬೋರಲು ಹಾಕಿದ ಗುರಾಣಿಯ ಹಾಗೆ ಅಗಲ, ಸಪಾಟು. ಅಲ್ಲಿ ಫಲಕಗಳ ಗಡಿಯೂ ಇಲ್ಲ, ಫಲಕದ ನಡುವೆಯೇ ಕೆಳಗಿನಿಂದ ಬಿಸಿ ಏರಿ ಬರುತ್ತದೆ.

‘ಮತ್ತ ನಮ್ದು?’

ನಮ್ಮದೂ ಅಂಬಲಿಯೇ. ಸುಮಾರು 6.6 ಕೋಟಿ ವರ್ಷದ ಹಿಂದೆ. ನಮ್ಮ ಕಡೆ ನೆಲ ಉದ್ದುದ್ದ ಬಿರಿದು ಆ ಬಿರುಕಿನಿಂದ ಲಾವಾ ಉಕ್ಕಿ ಹರಿಯಿತು, ನಿಂತಿತು, ಮತ್ತೆ ಹರಿಯಿತು. ಇವತ್ತಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಉಳಿದಿದೆ, ಪಶ್ಚಿಮ ಘಟ್ಟದಲ್ಲಿ ಕೆಲವು ಕಡೆ ಎರಡು ಕಿಲೋಮೀಟರ್ ದಪ್ಪ. ಗೋಳಗುಮ್ಮಟ ಕಟ್ಟಿದ ಕರಿಕಲ್ಲೂ ಅದೇ. ಅಪ್ಪ ಕೇಳಿದ ಬೆಟ್ಟ ನಮ್ಮ ಜಿಲ್ಲೆಯಲ್ಲಿ ಸಿಗದೇ ಇದ್ದದ್ದು ಇದಕ್ಕೇ. ಅಪ್ಪ ಹಡಗಿನ ಕಟಕಟೆ ಹಿಡಿದು ಬಹಳ ಹೊತ್ತು ನೀರು ನೋಡಿದರು. ‘ಬ್ಯಾಸಗ್ಯಾಗ ಹೊಲ ಬಿರದಂಗ’ ಅಂದರು.

ಐದನೇ ದಿನ: ಬಾತುರ್

ಬಾಲಿಯ ಕಿಂತಾಮಣಿಯ ಅಂಚಿನಲ್ಲಿ ನಿಂತರೆ ಇನ್ನೊಂದು ಬೋಗುಣಿ, ಹೊರ ಅಂಚು ಸುಮಾರು 13 ಕಿಲೋಮೀಟರ್ ಉದ್ದ. ಒಳಗೆ ಒಂದು ಬದಿಗೆ ಕೆರೆ, ನಡುವೆ 1,717 ಮೀಟರಿನ ಬಾತುರ್ ಬೆಟ್ಟ, ಅದರ ಕಾಲಿನಿಂದ ಕಪ್ಪು ಲಾವಾ ಚೆಲ್ಲಿಕೊಂಡಿದೆ. 1926ರಲ್ಲಿ ಲಾವಾ ಬಾತುರ್ ಊರನ್ನೇ ಮುಚ್ಚಿತು. ಜನ ದೇವಸ್ಥಾನವನ್ನೂ ಮೇಲಿನ ಅಂಚಿಗೆ ತಂದು ಕಟ್ಟಿದರು. ಅದೇ ಈಗಿನ ಪುರ ಉಲುನ್ ದಾನು ಬಾತುರ್, ಕೆರೆಯ ದೇವಿಯ ಗುಡಿ. ಬಾಲಿಯ ಸುಬಾಕ್ ನೀರಾವರಿಯ ರೈತರಿಗೆ ಇದು ನೀರಿನ ತವರು.

ಕೆಳಗಿಳಿದು ಲಾವಾದ ಮೇಲೆ ನಡೆದೆವು. ಚೂಪು ಕಲ್ಲು, ಚಪ್ಪಲಿ ಸಾಲದು, ಬೂಟು ಬೇಕು. ಹೊಸ ಲಾವಾದ ಬಿರುಕಿನಲ್ಲಿ ಬರೀ ಪಾಚಿ, ಸಣ್ಣ ಜರಿಗಿಡ. ಹಳೆಯ ಲಾವಾದ ಮೇಲೆ ಹುಲ್ಲು, ಪೊದೆ. ಇನ್ನೂ ಹಳೆಯದರ ಮೇಲೆ, ಕೆರೆಯ ದಂಡೆಗೆ, ಟೊಮ್ಯಾಟೊ, ಈರುಳ್ಳಿ. ಅರ್ಧ ಗಂಟೆಯ ನಡಿಗೆಯಲ್ಲಿ ಕಲ್ಲು ಹೊಲವಾಗುವುದನ್ನು ನೋಡಿದೆವು.

ದಾರಿಗಾಗಿ ಕಡಿದ ಒಂದು ದಿಬ್ಬದ ಹತ್ತಿರ ಅಪ್ಪ ನಿಂತುಬಿಟ್ಟರು. ಮೇಲೆ ಕಪ್ಪು ಕಲ್ಲು, ಕೆಳಗೆ ಕಪ್ಪು ಕಲ್ಲು, ನಡುವೆ ಗೇಣುದ್ದದ ಕೆಂಪು ಮಣ್ಣಿನ ಪಟ್ಟಿ. ಹಳೆಯ ಲಾವಾದ ಮೇಲೆ ಮಣ್ಣಾಗಿ, ಅದರ ಮೇಲೆ ಹೊಸ ಲಾವಾ ಹರಿದಾಗ ಆ ಬಿಸಿಗೆ ಇಟ್ಟಿಗೆಯ ಹಾಗೆ ಸುಟ್ಟ ಪಟ್ಟಿ ಅದು. ‘ಇಂಥಾದು ನಮ್ಮ ಬಾವ್ಯಾಗ ಐತಿ’ ಅಂದರು. ‘ಎಪ್ಪತ್ತೆರಡರ ಬರದಾಗ ತೋಡುವಾಗ ನಿಮ್ಮ ಮುತ್ತ್ಯಾ ಕರಿಕಲ್ಲ ಒಡದ, ಕೆಂಪ ಬಂತು. ಕಲ್ಲ ಮುಗೀತು ಅಂದ್ವಿ. ಮತ್ತ ಕರಿಕಲ್ಲ ಬಂತು.’

ಆರನೇ ದಿನ

ಆಗುಂಗ್ ಬೆಟ್ಟ ಮೋಡದಿಂದ ಹೊರಗೇ ಬರಲಿಲ್ಲ. ಬೆಸಾಕಿ ದೇವಸ್ಥಾನದ ಮೆಟ್ಟಿಲ ಮೇಲೆ ಎರಡು ಗಂಟೆ ಕಾದೆವು. 1963ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಆಗುಂಗ್ ಸ್ಫೋಟದಲ್ಲಿ ಈ ಗುಡಿ ಮಾತ್ರ ಸ್ವಲ್ಪದರಲ್ಲಿ ಉಳಿಯಿತು. ಸಂಜೆ ಡೆನ್ಪಸಾರ್. ಚೀಲ ಕಟ್ಟುವಾಗ ಅಪ್ಪನ ಕರವಸ್ತ್ರದಲ್ಲಿ ಬ್ರೊಮೊದ ಒಂದು ಹಿಡಿ ಮಣ್ಣು ಸಿಕ್ಕಿತು. ಹೊರದೇಶದ ಮಣ್ಣು ಅನುಮತಿ ಇಲ್ಲದೆ ನಮ್ಮ ದೇಶಕ್ಕೆ ತರುವ ಹಾಗಿಲ್ಲ, ಅದರ ಜೊತೆ ಬೆಳೆಯ ರೋಗ ಬರಬಹುದು ಅಂದೆ. ಬೆಳೆಯ ರೋಗ ಅಂದ ಕೂಡಲೇ ಅಪ್ಪ ಎದ್ದು ಹೋಗಿ ಹೋಟೆಲ್ಲಿನ ದಾಸವಾಳದ ಬುಡಕ್ಕೆ ಹಾಕಿ ಬಂದರು.

ಊರಿಗೆ ಬಂದ ಮರುದಿನ

ಬೆಳಿಗ್ಗೆ ಅಪ್ಪ ಬ್ಯಾಟರಿ ಹಿಡಿದು ನನ್ನನ್ನು ಬಾವಿಗೆ ಕರೆದುಕೊಂಡು ಹೋದರು. ಚಿಕ್ಕವನಿದ್ದಾಗಿನಿಂದ ಈಜು ಹೊಡೆದ ಬಾವಿ. ಮೆಟ್ಟಿಲು ಇಳಿದರೆ ಮೊದಲು ಎರೆ ಮಣ್ಣು, ಆಮೇಲೆ ಒಡಕು ಕಲ್ಲು, ಆಮೇಲೆ ಗಟ್ಟಿ ಕರಿಕಲ್ಲು. ಎರಡಾಳು ಕೆಳಗೆ, ಬ್ಯಾಟರಿ ಬೆಳಕಿಗೆ, ಸುತ್ತಲೂ ಒಂದೇ ಮಟ್ಟದಲ್ಲಿ ಹೋದ ಕೆಂಪು ಪಟ್ಟಿ. ಇಷ್ಟು ವರ್ಷ ಅದಕ್ಕೆ ಒರಗಿಯೇ ಮೈ ಒರೆಸಿಕೊಂಡಿದ್ದೇನೆ.

ಅಪ್ಪ ಉಗುರಿನಿಂದ ಸ್ವಲ್ಪ ಕೆರೆದು ಅಂಗೈಯಲ್ಲಿ ತಿಕ್ಕಿದರು. ‘ಅಂದ್ರ ಒಂದ ಲಾವಾ ಬಂದು, ಇನ್ನೊಂದ ಬರೂತನಕ ಇದು ನೆಲ ಆಗಿತ್ತು.’

‘ಹೌದಪ್ಪಾ.’

‘ಏನ ಬೆಳದಿತ್ತೋ ಏನೋ ಇದರ ಮ್ಯಾಲೆ.’

ಅಷ್ಟರಲ್ಲಿ ಮೇಲೆ ಕರೆಂಟ್ ಬಂತು ಅಂತ ಅವ್ವ ಕೂಗಿದಳು. ಅಪ್ಪ ಕೈ ಧೋತರಕ್ಕೆ ಒರೆಸಿಕೊಂಡು, ಮೋಟರ್ ಚಾಲೂ ಮಾಡಲು ಮೆಟ್ಟಿಲು ಹತ್ತಿದರು.